ಎರಡು ಬೆರಳಿನ ಇಳಿಜಾರು

೨೦ ಜನವರಿ ೨೦೨೫, ಸೋಮವಾರ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಇಲ್ಲದ ಗಣ್ಯರೇ, ಎದುರಿಗೆ ಇಲ್ಲದ ಸಭಿಕರೇ! ಹಗರಿಬೊಮ್ಮನಹಳ್ಳಿಯಲ್ಲಿ ಕಟ್ಟಡ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಯವನೂ, ಬಿ.ಎ. ಐಚ್ಛಿಕ ಕನ್ನಡದಲ್ಲಿ ಎರಡನೇ ದರ್ಜೆಯಲ್ಲಿ ಪಾಸಾದವನೂ, ನಲವತ್ತಾರು ವರ್ಷ ನೆಲಕ್ಕೆ ಭಾರವಾಗಿ ಬದುಕಿದವನೂ ಆದ ಮಾರೇಶ್ ಎಂಬ ನಾನು, ಇಂದಿನಿಂದ ಈ ನಾಡಿನ ನೆಲವನ್ನು ಸಮತಟ್ಟು ಮಾಡಲು ಕಂಕಣ ಕಟ್ಟಿದ್ದೇನೆಂದು ತಿಳಿಸಲು ಹರ್ಷಿಸುತ್ತೇನೆ. ಚಪ್ಪಾಳೆ ಬೇಡ. ಕಾಂಕ್ರೀಟ್ ಮಿಕ್ಸರಿನೊಳಗೆ ಮಲಗಿರುವ ಬೆಕ್ಕು ಏಳುತ್ತದೆ.

ಸಭಿಕರೇ, ನಮ್ಮ ಕಡೆ ನೆಟ್ಟಗಿರುವ ನೆಲ ಎಂಬುದು ಒಂದು ವದಂತಿ. ನನ್ನ ಮನೆಯ ಪಡಸಾಲೆಯಲ್ಲಿ ಕಡಲೆಕಾಳು ಬಿದ್ದರೆ ತಾನೇ ಉರುಳಿ ಬಚ್ಚಲಿಗೆ ಹೋಗಿ ಸ್ನಾನ ಮಾಡುತ್ತದೆ. ಮದುವೆ ಊಟಕ್ಕೆ ಕೂತರೆ ಸಾರು ಒಂದು ಎಲೆಯಿಂದ ಇನ್ನೊಂದು ಎಲೆಗೆ ತಾನೇ ಬಡಿಸಿಕೊಳ್ಳುತ್ತದೆ. ಇಂಥ ಊರಿನಲ್ಲಿ ಗಾದಿಲಿಂಗಪ್ಪ ಎಂಬ ನಿವೃತ್ತ ಲೈನ್‌ಮನ್ ಕೊಟ್ಟೂರು ರಸ್ತೆಯಲ್ಲಿ ತಗಡಿನ ಸೂರು ಹಾಕಿ, ಒಳಾಂಗಣ ಶಟಲ್ ಕೋರ್ಟು ಕಟ್ಟಿಸುತ್ತಿದ್ದಾನೆ. ಸಂಬಳದವರಿಗೆ ಈಗ ಸಂಜೆ ಹೊತ್ತು ಬೆವರಬೇಕಂತೆ. ಹಗಲೆಲ್ಲ ಬೆವರುವವರನ್ನು ನೋಡಿ ಆಸೆಯಾಗಿರಬೇಕು.

ಶಟಲು ಆಡಲು ಹೊರಟ ಹೊಟ್ಟೆ,
ಬಟ್ಟಲಲ್ಲಿ ಉರುಳಿದ ಮೊಟ್ಟೆ.

ಕೋರ್ಟಿನ ಮೇಲೆ ರಬ್ಬರಿನ ಹಾಸು ಬರುತ್ತದೆ. ಅದರ ಕೆಳಗಿನ ಗಾರೆ ನೆಲ ಕನ್ನಡಿಯಷ್ಟು ಸಮವಿರಬೇಕು. ನೆಲ ಹಾಕುವವನು ದಸ್ತಗಿರಿ. ಅರವತ್ಮೂರರ ಗಾರೆ ಕೆಲಸದವನು, ನಲವತ್ತು ವರ್ಷದಿಂದ ಬರೀ ನೆಲವನ್ನೇ ಹಾಕಿಕೊಂಡು ಬಂದವನು. ಉಸ್ತುವಾರಿ ನನ್ನದು, ಏಕೆಂದರೆ ಲೇಸರ್ ಮಟ್ಟದ ಯಂತ್ರ ಇರುವುದು ನನ್ನ ಬಳಿ ಮಾತ್ರ. ಈ ನೆಲ ಚೆನ್ನಾಗಿ ಬಂದರೆ ಗಾದಿಲಿಂಗಪ್ಪನ ಭಾವಮೈದುನ ಕೊಟ್ಟೂರಿನಲ್ಲಿ ಕಟ್ಟಿಸುವ ಇದರ ಎರಡರಷ್ಟು ದೊಡ್ಡ ಆಟದ ಹಾಲ್‌ನ ನೆಲವೂ ದಸ್ತಗಿರಿಗೇ ಎಂದು ಮಾತಾಗಿದೆ. ಮುದುಕ ಹಿಗ್ಗಿ ಹೀರೇಕಾಯಿ ಆಗಿದ್ದಾನೆ.

೨೨ ಜನವರಿ, ಬುಧವಾರ

ದಸ್ತಗಿರಿ ಯಂತ್ರ ನೋಡಲು ಅಂಗಡಿಗೆ ಬಂದಿದ್ದ. ಹೆಗಲ ಮೇಲೆ ಅಕ್ಕಿ ಚೀಲ. ಅದರಲ್ಲಿ ಅವನ ಸಕಲ ಸಂಪತ್ತು: ಎರಡು ಕರಣೆ, ಸವೆದ ಉಜ್ಜುವ ಹಲಗೆ, ರಸಮಟ್ಟ, ಮತ್ತು ಅರವತ್ತು ಅಡಿಯ ನೀರಿನ ಪೈಪು. ಪೈಪು ಒಂದು ಕಾಲದಲ್ಲಿ ಬೆಳ್ಳಗಿತ್ತಂತೆ. ಈಗ ಜಾಂಡೀಸ್ ಆದವರ ಕಣ್ಣಿನ ಬಣ್ಣ. ಅದರೊಳಗೆ ನೀರು ತುಂಬಿ ಒಂದು ತುದಿ ಈ ಗೋಡೆಗೆ, ಇನ್ನೊಂದು ತುದಿ ಆ ಗೋಡೆಗೆ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಇದನ್ನು ಅವನು ವಿದ್ಯೆ ಎನ್ನುತ್ತಾನೆ.

"ಏನಿದು ಪಂಡಿತ್ರೇ, ಮೂರು ಕಾಲಿನ ಕೊಕ್ಕರಿ?" ಎಂದ. ನನ್ನ ಪ್ರಾಸದ ಚಟಕ್ಕೆ ಅವನು ಕೊಟ್ಟ ಬಿರುದು 'ಪಂಡಿತ'.

"ಲೇಸರು ಸಾಹೇಬ್ರ. ಗುಂಡಿ ಒತ್ತಿದ್ರ ಅಷ್ಟೂ ಗ್ವಾಡಿಗೆ ಗೆರಿ ಎಳಿತೈತಿ. ಇನ್ನ ಮ್ಯಾಲೆ ನಿಮ್ಮ ಪೈಪು ಹಿತ್ತಲಾಗ ಕಟ್ರಿ, ಟವೆಲ್ ಒಣಗಿಸಾಕ ಬರ್ತೈತಿ."

"ನೀರಿಗೆ ಕರೆಂಟು ಬೇಕಿಲ್ಲಪ್ಪ."

"ನೀರಿಗೆ ಬುದ್ಧಿನೂ ಬೇಕಿಲ್ಲ."

"ಅದಕ್ಕೇ ಸುಳ್ಳು ಹೇಳಾಕ ಬರಂಗಿಲ್ಲ ನೀರಿಗೆ," ಎಂದು ನಕ್ಕ. ಹಲ್ಲಿಗಿಂತ ಎಲೆ ಅಡಿಕೆಯೇ ಹೆಚ್ಚು ಕಂಡಿತು.

ಪೈಪಿನೊಳಗೆ ನೀರು,
ಪೈಪೋಟಿಗೆ ಯಾರು?

ಯಂತ್ರದ ಡಬ್ಬದಲ್ಲಿ ಒಂದು ಮಡಿಸಿದ ಹಾಳೆಯಿದೆ, ಇರುವೆ ಸಾಲಿನಂಥ ಅಕ್ಷರ. ಅದನ್ನೆಲ್ಲ ಕೂತು ಓದುವವನಿಗೆ ವಿದ್ಯಾರ್ಥಿ ಎನ್ನುತ್ತಾರೆ. ನಾನು ಆ ದೆಸೆ ಮುಗಿಸಿ ಇಪ್ಪತ್ತೈದು ವರ್ಷವಾಯಿತು.

೨೫ ಜನವರಿ, ಶನಿವಾರ

ಹಸಿರು ಗೆರೆ ಗೋಡೆಯ ಮೇಲೆ,
ಹೆಸರು ನನ್ನದು ಊರಿನ ಮೇಲೆ!

ಬಾಗಿಲ ಬಳಿ ಯಂತ್ರ ನಿಲ್ಲಿಸಿ ಗುಂಡಿ ಒತ್ತಿದೆ. ಐವತ್ತೈದು ಅಡಿಯ ಹಾಲ್‌ನ ಗೋಡೆಗಳಿಗೆ ಹಸಿರು ಗೆರೆ ಬಿತ್ತು. ಗಾದಿಲಿಂಗಪ್ಪ ಕೈಮುಗಿಯುವುದೊಂದು ಬಾಕಿ. ಗೆರೆ ಆಗಾಗ ಮಿಣುಕುತ್ತಿತ್ತು.

"ಯಾಕ ಮಿಣಕ್ ಮಿಣಕ್ ಅನ್ನಾಕತ್ತೈತಿ?" ಎಂದ.

"ಲೆಕ್ಕ ಹಾಕ್ತೈತಿ."

"ಹೌದೌದು. ನಮ್ಮ ಟ್ರಾನ್ಸ್‌ಫಾರ್ಮರೂ ಸುಡಾಕಿಂತ ಮುಂಚೆ ಹಿಂಗ ಲೆಕ್ಕ ಹಾಕ್ತಿತ್ತು."

ಕಂಬ ಹತ್ತಿ ಇಳಿದವರ ವಿಜ್ಞಾನ ಇಷ್ಟೇ.

ಗೆರೆಯಿಂದ ಕೆಳಕ್ಕೆ ಅಳತೆ ಹಿಡಿದು ನೆಲದ ಮೇಲೆ ಗಾರೆಯ ಬಿಲ್ಲೆಗಳನ್ನು ಕೂರಿಸಬೇಕು. ಆ ಬಿಲ್ಲೆಗಳ ಎತ್ತರಕ್ಕೆ ನಾಳಿದ್ದು ನೆಲ ತುಂಬುವುದು. ಬಿಲ್ಲೆ ತಪ್ಪಿದರೆ ನೆಲವೇ ತಪ್ಪಿತು. ಅಷ್ಟರಲ್ಲಿ ದಸ್ತಗಿರಿ, ಯಾರೂ ಕೇಳದಿದ್ದರೂ, ಗಾರೆ ಕಲಸುವ ಹುಲುಗೇಶನ ಕೈಗೆ ಪೈಪಿನ ಒಂದು ತುದಿ ಕೊಟ್ಟು ಇನ್ನೊಂದು ತುದಿ ಹಿಡಿದು ದೂರದ ಗೋಡೆಗೆ ಹೋದ. ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದ. ತಲೆ ಕೆರೆದುಕೊಂಡ. ಮತ್ತೆ ಹಿಡಿದ.

"ಪಂಡಿತ್ರೇ, ನಿಮ್ಮ ಗೆರಿ ಎರಡು ಬೆರಳು ಮ್ಯಾಲೈತಿ."

"ಪೈಪಿನ್ಯಾಗ ಗಾಳಿ ಐತಿ ಸಾಹೇಬ್ರ."

ನೀರು ಚೆಲ್ಲಿ ಹೊಸದಾಗಿ ತುಂಬಿಸಿದ. ಕೂಸಿಗೆ ಹಾಲು ಕುಡಿಸಿ ತೇಗಿಸುವವನಂತೆ ಪೈಪನ್ನು ಉದ್ದಕ್ಕೂ ತಟ್ಟಿ ಗುಳ್ಳೆ ಹೊರಡಿಸಿದ. ಮತ್ತೆ ಹಿಡಿದ. ಮತ್ತೆ ಎರಡು ಬೆರಳು.

ಎಲ್ಲರೂ ನನ್ನ ಮುಖ ನೋಡಿದರು. ನಾನೆಂದೆ: "ಅರವತ್ಮೂರಾತು ಸಾಹೇಬ್ರ. ಪೈಪಿನ್ಯಾಗ ಏನೂ ಬಂದಿಲ್ಲ. ಬಂದಿದ್ರ ಕಣ್ಣಾಗ ಬಂದೈತಿ."

ಸಭಿಕರೇ, ಏನು ನಗೆ! ಹುಲುಗೇಶ ಸಲಿಕೆ ಬಿಟ್ಟು ಕೂತ. ಗಾದಿಲಿಂಗಪ್ಪನ ಹೊಟ್ಟೆ ಹೊಟ್ಟೆಯಾಚೆಗೂ ಕುಣಿಯಿತು. ದಸ್ತಗಿರಿಯೂ ನಕ್ಕ. ಆಮೇಲೆ ತನ್ನ ಪೆನ್ಸಿಲ್ ಗುರುತನ್ನು ಹೆಬ್ಬೆರಳಿಂದ ಒರೆಸಿಬಿಟ್ಟು, "ಮಷಿನ್ ಹೇಳಿದ್ರ ಮಷಿನ್ನೇ ಸರಿ," ಎಂದು ಬಿಲ್ಲೆ ಕೂರಿಸಲು ಕುಕ್ಕರಗಾಲಲ್ಲಿ ಕೂತ.

ಒಂದು ವಾಕ್ಯದಲ್ಲಿ ನಲವತ್ತು ವರ್ಷದ ವಿದ್ಯೆಯನ್ನು ಮಡಿಸಿ ಚೀಲಕ್ಕೆ ಹಾಕಿಸಿದೆ. ಐಚ್ಛಿಕ ಕನ್ನಡ ಸುಮ್ಮನೆ ಅಲ್ಲ.

೨೭ ಜನವರಿ, ಸೋಮವಾರ

ನೆಲ ಹಾಕಿದ್ದಾಯಿತು.

ಬೆಳಿಗ್ಗೆ ಎಂಟಕ್ಕೆ ಶುರು. ಹಂಪಸಾಗರದ ಕಡೆಯ ಮರಳು, ಚೆನ್ನಾಗಿತ್ತು. ದಸ್ತಗಿರಿ ಚಪ್ಪಲಿ ಬಿಟ್ಟು ಒಮ್ಮೆ ಹಾಲ್‌ನ ಉದ್ದಕ್ಕೂ ಬರಿಗಾಲಲ್ಲಿ ನಡೆದ. ಅವನ ಪದ್ಧತಿ ಅದು. ಆಮೇಲೆ ದೂರದ ಗೋಡೆಯಿಂದ ಶುರು ಮಾಡಿ, ಅಲ್ಯೂಮಿನಿಯಂ ಪಟ್ಟಿಯನ್ನು ಬಿಲ್ಲೆಗಳ ಮೇಲೆ ಕೂರಿಸಿ, ಗಾರೆಯನ್ನು ತನ್ನತ್ತ ಎಳೆಯುತ್ತ ಹಿಂದೆ ಹಿಂದೆ ಬಂದ. ಈ ಕಸುಬಿನಲ್ಲಿ ಮುಂದೆ ನಡೆಯುವಂತಿಲ್ಲ, ಮಾಡಿದ್ದನ್ನು ತುಳಿಯುವಂತಿಲ್ಲ. ನಾನು ಕುರ್ಚಿಯ ಮೇಲೆ ಕೂತು ಇದಕ್ಕೊಂದು ಪ್ರಾಸ ಹುಡುಕುತ್ತಿದ್ದೆ.

ಊಟಕ್ಕೆ ಬಿಟ್ಟಾಗ ಯಂತ್ರದ ಡಬ್ಬದ ಹತ್ತಿರ ಸ್ವಲ್ಪ ಹೊತ್ತು ಕೂತಿದ್ದೆ. ಊಟ ರುಚಿಸಲಿಲ್ಲ. ಹೆಂಡತಿ ರಮಾ ಕಟ್ಟಿಕೊಟ್ಟ ಪಲ್ಯದಲ್ಲಿ ಉಪ್ಪೇ ಇರಲಿಲ್ಲ.

ಎರಡು ಗಂಟೆಗೆ ದಸ್ತಗಿರಿ ಪಟ್ಟಿ ಹಿಡಿದು ನಿಂತವನು ಎಳೆಯದೆ ಕೇಳಿದ: "ಪಂಡಿತ್ರೇ, ಇನ್ನೊಂದ್ಸಲ ನೋಡಿಬಿಡೋಣೇನು? ಇನ್ನೂ ಹಸಿ ಐತಿ, ಕೈಯಾಗ ಐತಿ."

"ಎಳೀರಿ," ಎಂದೆ.

೨೯ ಜನವರಿ, ಬುಧವಾರ

ಸಭಿಕರೇ, ಎದ್ದು ನಿಲ್ಲಿ, ಒಂದು ನಿಮಿಷ ಮೌನ.

ನೆಲ ಗಟ್ಟಿಯಾಗಲೆಂದು ಸುತ್ತ ಮಣ್ಣಿನ ಬದು ಕಟ್ಟಿ ನೀರು ಬಿಟ್ಟಿದ್ದೆವು. ಇಂದು ಬೆಳಿಗ್ಗೆ ಹೋಗಿ ನೋಡಿದರೆ ಬಾಗಿಲ ಕಡೆ ಎರಡು ಬೆರಳು ನೀರು ನಿಂತಿದೆ. ದೂರದ ಗೋಡೆಯ ಕಡೆ ನೆಲ ಒಣಗಿ ಬೆಳ್ಳಗಾಗಿದೆ. ಎರಡು ಗುಬ್ಬಿಗಳು ಬಾಗಿಲ ಕಡೆ ಸ್ನಾನ ಮಾಡಿ, ದೂರದ ಗೋಡೆಗೆ ಹೋಗಿ ಮೈ ಒಣಗಿಸಿಕೊಳ್ಳುತ್ತಿದ್ದವು.

"ಇದು ಶಟಲ್ ಕೋರ್ಟೋ, ಕೆರಿಯೋ?" ಎಂದು ಗಾದಿಲಿಂಗಪ್ಪ ಅರಚಿದ. "ಮೂವತ್ತು ವರ್ಷ ಕಂಬದ ಮ್ಯಾಲಿದ್ದೆ. ಅಲ್ಲಿಂದ ಎಲ್ಲಾ ನೆಲ ಸಮ ಕಾಣ್ತಿತ್ತು. ಇಳಿದು ತಪ್ಪು ಮಾಡಿದೆ!"

ನಾನು ಯಾರ ಹೆಸರನ್ನೂ ಹೇಳಲಿಲ್ಲ. ಇದನ್ನು ದಾಖಲಿಸಬೇಕು. ಒಂದು ಪ್ರಶ್ನೆ ಕೇಳಿದೆ, ಅಷ್ಟೇ: "ಪಟ್ಟಿ ಎಳ್ದೋರು ಯಾರು?"

ಎಲ್ಲರೂ ದಸ್ತಗಿರಿಯತ್ತ ತಿರುಗಿದರು. ಅವನು ನೀರಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಬೆರಳು ಅದ್ದಿ ನೋಡಿದ. ಮೇಲೆತ್ತಿ ಮತ್ತೆ ನೋಡಿದ. ಬೆರಳಿನ ಮೇಲೆ ನಂಬಿಕೆ ಇಲ್ಲದವನ ಹಾಗೆ.

"ಬಿಲ್ಲಿ ಸರಿ ಇದ್ವು," ಎಂದ. "ನನ್ನ ಕೈಯಾಗ ಏನೋ ಆಗೈತಿ."

ಹೀಗೆ ಅವನೇ ಒಪ್ಪಿಕೊಂಡ ಮೇಲೆ ಮೂರನೆಯವರು ನಡುವೆ ಬಾಯಿ ಹಾಕುವುದು ಸಭ್ಯತೆಯಲ್ಲ.

೩೦ ಜನವರಿ, ಗುರುವಾರ

ಗಿರಾಕಿ ಇಲ್ಲ. ಪ್ರಾಸವೂ ಇಲ್ಲ.

೩ ಫೆಬ್ರವರಿ, ಸೋಮವಾರ

ಕೊಟ್ಟೂರಿನ ಹಾಲ್‌ನ ಕೆಲಸ ದಸ್ತಗಿರಿಯ ಕೈ ತಪ್ಪಿತು. ಹೊರಗಿನ ಟೈಲ್ಸ್ ತಂಡದವರಿಗೆ ಕೊಟ್ಟರಂತೆ. ಗುಡೇಕೋಟೆಯಲ್ಲಿ ಒಬ್ಬನು ಮನೆಯ ನೆಲಕ್ಕೆಂದು ದಸ್ತಗಿರಿಗೆ ಹೇಳಿದ್ದವನು ಫೋನು ಎತ್ತುತ್ತಿಲ್ಲವಂತೆ.

ಹೋಟೆಲಿನಲ್ಲಿ ಒಗ್ಗರಣೆ ಮಂಡಕ್ಕಿ ತಿನ್ನುತ್ತಿದ್ದೆ. ಪಕ್ಕದ ಬೆಂಚಿನವನು ನನಗೇ ಹೇಳಿದ: "ದಸ್ತಗಿರಿದು ಕಣ್ಣು ಹೋದ್ವಂತ. ಪೈಪಿನ್ಯಾಗಲ್ಲ, ಕಣ್ಣಾಗ ಬಂದೈತಂತ." ನನ್ನ ಮಾತನ್ನು ನನಗೇ ಮಾರಲು ಬಂದಿದ್ದ. ಈ ಊರಿನವರಿಗೆ ಸ್ವಂತದ್ದೊಂದು ಮಾತು ಇಲ್ಲ. ಯಾರೋ ಉಗುಳಿದ್ದನ್ನು ಬಾಯಿಗೆ ಹಾಕಿಕೊಂಡು ಅಗಿಯುತ್ತಾರೆ. ಮಂಡಕ್ಕಿ ಅರ್ಧಕ್ಕೇ ಬಿಟ್ಟು ಎದ್ದೆ. ಮೆಣಸಿನಕಾಯಿ ಹೆಚ್ಚಾಗಿತ್ತು.

ರಮಾ ಆಸ್ಪತ್ರೆಯಲ್ಲಿ ಔಷಧಿ ಕೊಡುವವಳು. ಮನೆಯಲ್ಲೂ ಚೀಟಿ ಓದುವವಳಂತೆಯೇ ಮಾತು.

"ಆ ಮಷಿನ್ ಯಾಕ ಬಾಡಿಗಿ ಕೊಡವಲ್ರಿ? ಹಡಗಲಿಯವ್ರು ಎರಡ್ಸಲ ಬಂದು ಹೋದ್ರು."

"ರಿಪೇರಿ ಐತಿ."

"ಒಂದು ನೆಲ ನೋಡೈತಿ, ಅಷ್ಟಕ್ಕ ರಿಪೇರಿ?"

"ನಾಜೂಕಿನ ಸಾಮಾನು ಅದು."

"ಹೂಂ. ನಿಮ್ಮಂಗ," ಎಂದು ಒಳಗೆ ಹೋದಳು.

೮ ಫೆಬ್ರವರಿ, ಶನಿವಾರ

ದಸ್ತಗಿರಿ ಅಕ್ಕಿ ಚೀಲ ತಂದು ಗಲ್ಲಾಪೆಟ್ಟಿಗೆಯ ಮುಂದೆ ಇಟ್ಟ.

"ಇವನ್ನ ಇಟ್ಕೊಳ್ರಿ ಪಂಡಿತ್ರೇ. ಬಾಡಿಗಿಗೆ ಹೋದ್ರ ಕೊಡ್ರಿ. ಇಲ್ಲಾಂದ್ರ ಗುಜರಿಗೆ ಹಾಕ್ರಿ."

"ಇವನ್ನ ಯಾರು ಒಯ್ತಾರ ಸಾಹೇಬ್ರ? ವಸ್ತುಸಂಗ್ರಹಾಲಯದವ್ರೂ ಒಲ್ಲೆ ಅಂತಾರ."

ನಗಲಿಲ್ಲ. ಸ್ಟೂಲಿನ ಮೇಲೆ ಕೂತ. "ಮೊನ್ನೆ ಹಂಪಸಾಗರಕ್ಕ ಹೋಗಿದ್ದೆ. ಹ್ವಾದ ವರ್ಷ ಅಲ್ಲೊಂದು ಗೋದಾಮಿನ ನೆಲ ಹಾಕಿದ್ನಲ್ಲ. ಪೈಪಿನ ಒಂದು ತುದಿ ಕಿಟಿಕಿ ಸರಳಿಗೆ ಕಟ್ಟಿ ಒಬ್ಬನೇ ನೋಡಿದೆ. ಸರಿ ಐತಿ."

"ಮತ್ತೇನ್ರಿ, ಸರಿ ಐತೆಲ್ಲ?"

"ನೋಡಿದ್ದೂ ಇದೇ ಕಣ್ಣಲ್ಲೇನಪ್ಪ?" ಎಂದ. "ಬಲಗಣ್ಣು ಮುಚ್ಚಿ ನೋಡಿದ್ರ ಸರಿ ಕಾಣತೈತಿ. ಎಡಗಣ್ಣು ಮುಚ್ಚಿದ್ರೂ ಸರಿ ಕಾಣತೈತಿ. ಅದೇ ಅಂಜಿಕಿ. ತಪ್ಪು ಕಂಡಿದ್ರ ತಪ್ಪು ಅಂತ ಗೊತ್ತಾಗ್ತಿತ್ತು. ತಪ್ಪೇ ಸರಿ ಕಂಡ್ರ ಏನ್ ಮಾಡೋದು?"

ಹದಿನಾರನೇ ತಾರೀಕು ಕೊಟ್ಟೂರಿನಲ್ಲಿ ಉಚಿತ ಕಣ್ಣಿನ ಶಿಬಿರವಂತೆ. ತಪಾಸಣೆ ಮುಗಿದಿದೆ. ಪೊರೆ ಇನ್ನೂ ಎಳೆಯದು, ಈಗಲೇ ಆಪರೇಷನ್ ಬೇಕಿಲ್ಲ ಎಂದರಂತೆ ಡಾಕ್ಟರು. ಇವನೇ ಹಟ ಹಿಡಿದು ಹೆಸರು ಬರೆಸಿದ್ದಾನೆ: "ರಂಜಾನಕ್ಕ ಮುಂಚೆ ಬಲಗಣ್ಣು ಮಾಡಿಬಿಡ್ರಿ ಅಂದೆ. ಆಮೇಲೆ ಎಡಗಣ್ಣು."

ಒಳ್ಳೆಯ ಕಣ್ಣಿಗೆ ಕತ್ತಿ ಹಾಕಿಸಿಕೊಳ್ಳುವ ಮೂರ್ಖರೂ ಇದ್ದಾರೆ ಸಭಿಕರೇ.

ಅವನು ಹೋದ ಮೇಲೆ ಚೀಲ ಬಿಚ್ಚಿ ನೋಡಿದೆ. ದರಿದ್ರ ಸಾಮಾನು. ಕರಣೆಯ ಹಿಡಿ ಸವೆದು ನನ್ನ ಕೈಗೆ ಕೂರುವುದೇ ಇಲ್ಲ. ಪೈಪನ್ನು ಹೊರಗೆ ಗೂಟಕ್ಕೆ ಹಾಕಿದ್ದೆ. ಮಧ್ಯಾಹ್ನ ಬಿಸಿಲು ಬಿತ್ತೆಂದು ಒಳಗೆ ತಂದೆ. ಸಂಜೆ ಒಬ್ಬನು ಕರಣೆ ಬಾಡಿಗೆಗೆ ಕೇಳಿದ. ಇಲ್ಲ ಎಂದೆ. "ಅಲ್ಲೈತೆಲ್ರೀ," ಎಂದ. ಕಣ್ಣು ಚೆನ್ನಾಗಿರುವವರ ಕಾಟ.

೧೧ ಫೆಬ್ರವರಿ, ಮಂಗಳವಾರ

ದಸ್ತಗಿರಿಯ ಹೆಂಡತಿ ಬಾನು ಬೀ ಸಂತೆಯಿಂದ ಬರುತ್ತ ಅಂಗಡಿಯ ಮುಂದೆ ನಿಂತಳು. ಕೈಯಲ್ಲಿ ಮೆಂತ್ಯದ ಸಿವುಡು.

"ನಿಮ್ಮ ಮಾತು ಕೇಳ್ತಾರ ಅವ್ರು. ಒಂದೀಟು ಹೇಳ್ರಿ ಮಾರೇಶಣ್ಣ. ಚಾ ಲೋಟ ಕೆಳಗಿಡಾಕ ನನ್ನ ಕೇಳ್ತಾರ್ರೀ: 'ಬಾನು, ನೆಟ್ಟಗೈತೇನು? ಚೆಲ್ಲಂಗಿಲ್ಲಲ್ಲ?' ನಲವತ್ತು ವರ್ಷ ನನ್ನ ರೊಟ್ಟಿ ಸೊಟ್ಟ ಅದಾವ ಅಂತ ಬೈದ ಮನುಷ್ಯ. ನಿನ್ನೆ ಬೇಕಂತ ಸೊಟ್ಟ ಮಾಡಿ ಇಟ್ಟೆ. ಸುಮ್ನ ತಿಂದು ಎದ್ರು."

"ವಯಸ್ಸು ಬೀ. ಆಗ್ತೈತಿ."

"ನಿಮ್ಮ ಮಷಿನ್ ಬರೋ ಮಟ ಆಗಿದ್ದಿಲ್ಲ," ಎಂದಳು. ಅಷ್ಟೇ ಅಂದು ಹೋದಳು. ಹೆಂಗಸರ ತರ್ಕ. ಯಂತ್ರಕ್ಕೂ ರೊಟ್ಟಿಗೂ ಏನು ಸಂಬಂಧ?

೧೪ ಫೆಬ್ರವರಿ, ಶುಕ್ರವಾರ

'ದಸ್ತಗಿರಿ'ಗೆ ಪ್ರಾಸ ಹುಡುಕಿದೆ. 'ಉಸ್ತುವಾರಿ' ಒಂದೇ ಸಿಕ್ಕಿತು. ಹೊಡೆದುಹಾಕಿದೆ.

ರಮಾ ಊಟಕ್ಕೆ ಬಡಿಸುತ್ತ ಅಂದಳು: "ಶಿಬಿರದ ಪಟ್ಟಿ ನಮ್ಮ ಕಡಿ ಬಂದಿತ್ತು. ದಸ್ತಗಿರಿ ಚಾಚಾಂದು ಹೆಸ್ರೈತಿ. ಅಷ್ಟು ಎಳೇ ಪೊರಿಗೆ ಯಾಕ ಅವಸರ ಮಾಡ್ತಾರ?"

"ನನಗೇನ್ ಗೊತ್ತು?"

"ನಿಮಗ ಗೊತ್ತೈತಂತ ನಾ ಎಲ್ಲಿ ಅಂದೆ?"

ಈಗ ಇವಳಿಗೂ ಬಾಯಿ ಬಂದಿದೆ. ಸಾರಿಗೆ ಎರಡು ಸಲ ಉಪ್ಪು ಹಾಕಿಕೊಂಡೆನಂತೆ. ಅವಳೇ ತಟ್ಟೆ ತೆಗೆದುಕೊಂಡು ಹೋದಳು.

೧೬ ಫೆಬ್ರವರಿ, ಭಾನುವಾರ

ಬೆಳಿಗ್ಗೆ ಮೊದಲ ಬಸ್ಸಿಗೆ ಕೊಟ್ಟೂರಿಗೆ ಹೋದೆ. ಕೆಲಸವಿರಲಿಲ್ಲ. ಸುಮ್ಮನೆ.

ಶಿಬಿರ ಒಂದು ಛತ್ರದಲ್ಲಿತ್ತು. ಗೋಡೆಗುಂಟ ಬೆಂಚುಗಳಲ್ಲಿ ಮುದುಕ ಮುದುಕಿಯರು. ಯಾವ ಕಣ್ಣೆಂದು ತಪ್ಪಬಾರದೆಂದು ಎಲ್ಲರ ಹಣೆಯ ಮೇಲೂ ಆ ಕಡೆಗೆ ಶಾಯಿಯ ಬಾಣ. ದಸ್ತಗಿರಿ ಏಳನೆಯವನು. ಮಡಿ ಬಿಳಿ ಅಂಗಿ ಹಾಕಿದ್ದ.

"ನಿಮಗೂ ಪೊರಿ ಬಂತೇನು ಪಂಡಿತ್ರೇ?" ಎಂದ.

ಪಕ್ಕದಲ್ಲಿ ಕೂತೆ. ಆರನೆಯವಳಾದ ಹಂಪಮ್ಮ ಎಂಬ ಅಜ್ಜಿಯನ್ನು ಕೂಗಿದರು. ಅವಳು ಒಳಗೆ ಹೋದಳು. ಮುಂದಿನದು ಇವನೇ.

"ನಿಮ್ಮ ಪೈಪು ಸರಿ ಇತ್ತು ಸಾಹೇಬ್ರ," ಎಂದೆ. "ಮಷಿನ್ನಿನ ಹೊಟ್ಟಿಗೆ ಒಂದು ಲಾಕ್ ಐತಿ. ಬ್ಯಾಗಿನ್ಯಾಗ ಒಯ್ಯುವಾಗ ಅಳ್ಳಾಡಬಾರ್ದು ಅಂತ. ಅದನ್ನ ತೆಗೆದು ಹಚ್ಚಬೇಕಿತ್ತು. ನಾ ತೆಗೀಲಿಲ್ಲ. ಲಾಕ್ ಇದ್ರ ಅದು ಮಟ್ಟ ಹಿಡಿಯಂಗಿಲ್ಲ, ಸೊಟ್ಟ ನಿಂತ್ರ ಸೊಟ್ಟನ ಗೆರಿ ಎಳಿತೈತಿ. ಅದಕ್ಕ ಮಿಣುಕಾಕತ್ತಿತ್ತು. ತಪ್ಪೈತಿ, ತಪ್ಪೈತಿ ಅಂತ ಹೇಳಾಕತ್ತಿತ್ತು. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ."

ದಸ್ತಗಿರಿ ಎದುರಿನ ಗೋಡೆಯನ್ನೇ ನೋಡುತ್ತಿದ್ದ. ಆಮೇಲೆ ಕೇಳಿದ: "ಯಾವಾಗ ಗೊತ್ತಾತು ನಿಮಗ?"

"ನೀರು ಕಟ್ಟಿದ ದಿನ."

ಬೆರಳು ಮಡಿಸಿ ಎಣಿಸಿದ. "ಹದಿನೆಂಟು ದಿನ," ಎಂದ. "ಹದಿನೆಂಟು ದಿನ ನಾ ನನ್ನ ಕಣ್ಣು ಬೈಕೋತ ಅಡ್ಡಾಡೀನಿ ಮಾರೇಶಾ."

ಇಪ್ಪತ್ತು ವರ್ಷದಲ್ಲಿ ಅವನು ನನ್ನನ್ನು ಹೆಸರು ಹಿಡಿದು ಕರೆದದ್ದು ಇದೇ ಮೊದಲು.

ದಸ್ತಗಿರಿ ಎಂದು ಕೂಗಿದರು. ಎದ್ದು ಹೋಗಿ ನರ್ಸಮ್ಮನಿಗೆ, "ನನ್ನ ಹೆಸ್ರು ಹೊಡೀರಿ ಅವ್ವಾ," ಎಂದ. ಅವಳು, "ಅಂಜಬ್ಯಾಡ ಅಜ್ಜ, ನೋವಾಗಂಗಿಲ್ಲ," ಎಂದಳು. "ಆಗೋದು ಆಗೈತಿ," ಎಂದು ಬಂದ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ. ಅರ್ಧ ದಾರಿಯವರೆಗೆ ಹೊಲ ನೋಡಿದ. "ಗಾದಿಲಿಂಗಪ್ಪನ ಮುಂದ ಹೇಳ್ತಿಯೇನು?"

"ಹೇಳ್ತೀನಿ. ಅವನ ಭಾವಮೈದುನನ ಮುಂದನೂ. ಹೋಟೆಲಿನ್ಯಾಗನೂ."

"ಹೇಳು." ಆಮೇಲೆ ನನ್ನ ಮೊಣಕಾಲ ಮೇಲೆ ಕೈಯಿಟ್ಟ. "ನೀರು ಕಟ್ಟಿದ ದಿನ ಗೊತ್ತಾದ ಮ್ಯಾಲೆ ನಿನಗರ ಏನ್ ಮಾಡಾಕ ಬರ್ತಿತ್ತು ಬಿಡು? ಗಾರಿ ಗಟ್ಟಿ ಆಗಿಬಿಟ್ಟಿತ್ತು. ನಾಚಿಗಿ ಆತು, ಮುಚ್ಚಿಟ್ಟಿ. ನೀನೂ ಮನುಷ್ಯ ಅದಿ. ಆತು ಬಿಡು, ಮಾಫ್."

ಹೂಂ ಎಂದೆ.

ನೀರು ಕಟ್ಟಿದ ದಿನವಲ್ಲ. ನೆಲ ಹಾಕಿದ ಸೋಮವಾರ ಊಟಕ್ಕೆ ಬಿಟ್ಟಾಗ ಯಂತ್ರದ ಡಬ್ಬದ ಹಾಳೆ ಬಿಚ್ಚಿ, ಲಾಕಿನ ಮಾತೂ ಸೇರಿ, ಪೂರ್ತಿ ಓದಿದ್ದೆ. ನೆಲ ಇನ್ನೂ ಹಸಿ ಇತ್ತು.